ಲ್ಯೂಕ್ ಫೀಲ್ಡಿನಲ್ಲಿ ಮುರಿದ ಕಾಲು

1937ನೆಯ ಇಸವಿಯ ಮಾರ್ಚ್ 20ರ ಬೆಳಗಿನ ಜಾವ. ಹವಾಯಿಯ ಪರ್ಲ್ ಹಾರ್ಬರಿನ ನಡುವೆ ಇರುವ ಫೋರ್ಡ್ ದ್ವೀಪದ ಲ್ಯೂಕ್ ಫೀಲ್ಡ್ ಎಂಬ ಸೇನಾ ವಿಮಾನನೆಲೆಯಲ್ಲಿ ಎರಡು ಎಂಜಿನ್ನುಗಳ ಒಂದು ಲೋಹವಿಮಾನ ಮೇಲೇರುವುದಕ್ಕಾಗಿ ಓಟ ಹಿಡಿಯಿತು. ಅದರ ಟ್ಯಾಂಕುಗಳಲ್ಲಿ 900 ಗ್ಯಾಲನ್ ಪೆಟ್ರೋಲು ಇತ್ತು. ಅಂದರೆ ಸುಮಾರು 3,400 ಲೀಟರು, ತೂಕದಲ್ಲಿ ಎರಡೂವರೆ ಟನ್ನಿಗೆ ಸಮೀಪ. ಒಳಗೆ ಮೂವರಿದ್ದರು: ಚಾಲಕಿ ಅಮೀಲಿಯಾ ಏರ್‌ಹಾರ್ಟ್, ದಿಕ್ಕು ಗುಣಿಸುವ ಫ್ರೆಡ್ ನೂನನ್, ರೇಡಿಯೋ ಬಲ್ಲ ಹಡಗಿನ ಕಪ್ತಾನ ಹ್ಯಾರಿ ಮ್ಯಾನಿಂಗ್. ಹೋಗಬೇಕಾಗಿದ್ದುದು ಸುಮಾರು 1,800 ಮೈಲಿ ಆಚೆಗಿನ ಹೌಲ್ಯಾಂಡ್ ಎಂಬ ಹವಳದ ದಿಬ್ಬಕ್ಕೆ. ಓಟ ಮುಗಿಯುವ ಮೊದಲೇ ವಿಮಾನ ಬಲಕ್ಕೆ ಎಳೆಯಿತು, ತಿದ್ದುವಷ್ಟರಲ್ಲಿ ಎಡಕ್ಕೆ ಗಿರ್ರನೆ ತಿರುಗಿತು. ಬಲಗಾಲು ಮುರಿಯಿತು, ಮತ್ತೊಂದು ಕಾಲೂ ಕುಸಿಯಿತು. ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತ, ಕಿಡಿಗಳನ್ನು ಎಬ್ಬಿಸುತ್ತ ಅದು ಸಾಗಿ ನಿಂತಿತು. ಬೆಂಕಿ ಹೊತ್ತಿಕೊಳ್ಳಲಿಲ್ಲ. ಮೂವರಿಗೂ ಗಾಯವಾಗಲಿಲ್ಲ.

ಏರ್‌ಹಾರ್ಟಳ ಕಥೆ ಹೇಳುವವರಲ್ಲಿ ಬಹುಮಂದಿ ಈ ಘಟನೆಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅವರ ಕಣ್ಣು ಮೂರೂವರೆ ತಿಂಗಳ ಅನಂತರದ ಜುಲೈ 2ರ ಮೇಲೆ, ಪೆಸಿಫಿಕ್ ಸಾಗರದ ಆ ಮಾಯವಾಗುವಿಕೆಯ ಮೇಲೆ ನೆಟ್ಟಿರುತ್ತದೆ. ಆಕೆ ಸೆರೆಯಾದಳೆ, ದ್ವೀಪವೊಂದರಲ್ಲಿ ಉಳಿದಳೆ ಎಂಬ ಊಹೆಗಳಿಗೆ ಗ್ರಂಥಗಳೇ ಮೀಸಲಾಗಿವೆ. ಲ್ಯೂಕ್ ಫೀಲ್ಡಿನ ಘಟನೆಗಾದರೋ ನೋಡಿದ ಸಾಕ್ಷಿಗಳಿದ್ದರು, ನೆಲದ ಮೇಲೆ ಟೈರಿನ ಗುರುತುಗಳಿದ್ದವು, ಮುರಿದ ವಿಮಾನವೇ ಕೈಗೆ ಸಿಕ್ಕಿತ್ತು. ಚಾಲಕಿ ಬದುಕಿದ್ದು ತಾನೇ ಬರೆದಿಟ್ಟಿದ್ದಾಳೆ. ಇಷ್ಟು ಆಧಾರಗಳಿದ್ದೂ ಕಾರಣದ ವಿಷಯದಲ್ಲಿ ಒಮ್ಮತವಿಲ್ಲ ಎಂಬುದನ್ನು ನೋಡಿದರೆ, ಯಾವ ಆಧಾರವೂ ಇಲ್ಲದ ಎರಡನೆಯ ಘಟನೆಯ ಬಗೆಗೆ ಹುಟ್ಟುವ ಖಚಿತ ತೀರ್ಮಾನಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದು ತಾನೇ ತಿಳಿಯುತ್ತದೆ.

ಗಾಲಿಗಳು, ಅವನ್ನು ಹೊತ್ತ ಕಂಬಗಳು, ಮಡಿಸುವ ಸಲಕರಣೆ ಇವೆಲ್ಲ ಸೇರಿದ ಭಾಗಕ್ಕೆ ಲ್ಯಾಂಡಿಂಗ್ ಗೇರ್ ಎಂಬ ಹೆಸರು ಈಗ ಕನ್ನಡದಲ್ಲಿಯೂ ನಡೆಯುತ್ತಿದೆ. ಕಾಲು ಎಂದರೂ ತಪ್ಪಿಲ್ಲ. ಅದರ ಕೆಲಸ ಕಾಲಿನದೇ. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನಕ್ಕೂ 1932ರಲ್ಲಿ ಏರ್‌ಹಾರ್ಟ್ ಒಬ್ಬಳೇ ಅದೇ ಸಾಗರವನ್ನು ದಾಟಿದ ಲಾಕ್‌ಹೀಡ್ ವೇಗಾಕ್ಕೂ ಮಡಿಯದ ಕಾಲುಗಳೇ ಇದ್ದವು. ಅವು ಗಾಳಿಗೆ ಅಡ್ಡವಾಗಿ ವೇಗವನ್ನು ತಿನ್ನುತ್ತಿದ್ದವು. ಹಾರುವಾಗ ಕಾಲನ್ನು ಒಳಕ್ಕೆ ಮಡಿಸಿಕೊಂಡರೆ ಅದೇ ಎಂಜಿನ್ನಿನಿಂದ ಹೆಚ್ಚು ವೇಗ, ಅದೇ ಇಂಧನದಿಂದ ಹೆಚ್ಚು ದೂರ. ಆ ಲಾಭದ ಜೊತೆಗೆ ಹೊಸದೊಂದು ಭಯವೂ ಬಂದಿತು: ಮಡಿಸಿದ ಕಾಲು ಮತ್ತೆ ಬಿಚ್ಚದಿದ್ದರೆ?

ಈ ಭಯ ನಿಜವಾಗುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. 1931ರಲ್ಲಿ ಜಿಮ್ಮಿ ಡೂಲಿಟ್ಲ್ ಎಂಬ ಪಂದ್ಯಚಾಲಕನು ಲೇರ್ಡ್ ಸೂಪರ್ ಸೊಲ್ಯೂಷನ್ ಎಂಬ ಚಿಕ್ಕ ವಿಮಾನದಲ್ಲಿ ಮೊದಲ ಬೆಂಡಿಕ್ಸ್ ಪಂದ್ಯವನ್ನು ಗೆದ್ದಿದ್ದನು. ಮರುವರ್ಷ ಇನ್ನಷ್ಟು ವೇಗ ಬೇಕೆಂದು ಅದೇ ವಿಮಾನಕ್ಕೆ ಮಡಿಯುವ ಕಾಲುಗಳನ್ನು ಹಾಕಿಸಲಾಯಿತು. ಆಗಸ್ಟ್ ತಿಂಗಳಲ್ಲಿ ಕ್ಯಾನ್ಸಸ್ ಪ್ರಾಂತದ ವಿಚಿಟಾದಲ್ಲಿ ಪರೀಕ್ಷೆಗೆಂದು ಹಾರಿದಾಗ ಕಾಲುಗಳು ಸಿಕ್ಕಿಕೊಂಡವು. ವಿಮಾನವನ್ನು ಕುಲುಕಾಡಿಸಿ ಅವನ್ನು ಬಿಡಿಸುವ ಯತ್ನ ಫಲಿಸದಿರಲು ಡೂಲಿಟ್ಲ್ ಹೊಟ್ಟೆಯ ಮೇಲೆಯೇ ಇಳಿದನು. ವಿಮಾನ ಆ ವರ್ಷದ ಪಂದ್ಯಕ್ಕೆ ಒದಗಲಿಲ್ಲ; ಅವನು ಜೀ ಬೀ ಆರ್-1 ಎಂಬ ಬೇರೊಂದು ವಿಮಾನ ಹಿಡಿದು ಥಾಂಪ್ಸನ್ ಪಂದ್ಯವನ್ನು ಗೆದ್ದನು. ಆ ಜೀ ಬೀಯ ಕಾಲುಗಳು ಮಡಿಯದವು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1935ರ ಸೆಪ್ಟೆಂಬರ್ 13ರಂದು ಹೊವಾರ್ಡ್ ಹ್ಯೂಸ್ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಗಂಟೆಗೆ 352 ಮೈಲಿಯ ದಾಖಲೆ ಮಾಡಿ, ಇಂಧನ ತೀರಿ, ಬೀಟ್ ಬೆಳೆದ ಹೊಲವೊಂದರಲ್ಲಿ ಕಾಲು ಇಳಿಸದೆ ಇಳಿದನು. ಉತ್ತ ಮಣ್ಣಿನಲ್ಲಿ ಗಾಲಿ ಹೂತರೆ ವಿಮಾನ ಮೂಗಿನ ಮೇಲೆ ಮಗುಚುವ ಭಯವಿದೆ. ಹೊಟ್ಟೆಯಾದರೋ ಜಾರಿಕೊಂಡು ಹೋಗುತ್ತದೆ. ಕಾಲಿದ್ದೂ ಇಳಿಸದಿರುವುದೇ ಕ್ಷೇಮವಾಗುವ ಸಂದರ್ಭಗಳಿವೆ ಎಂಬ ತಿಳಿವು ಹೀಗೆ ಅನುಭವದಿಂದಲೇ ಬೆಳೆಯಿತು.

ಏರ್‌ಹಾರ್ಟಳ ಎಲೆಕ್ಟ್ರಾ 10ಇ ಹತ್ತು ಪ್ರಯಾಣಿಕರಿಗೆಂದು ರಚಿತವಾದ ಮಾದರಿ. ಪರ್ಡ್ಯೂ ವಿಶ್ವವಿದ್ಯಾಲಯದ ಮೂಲಕ ಕೂಡಿಬಂದ ಹಣದಿಂದ ಕೊಂಡ ಅದು 1936ರ ಜುಲೈ 24ರಂದು, ಆಕೆಯ 39ನೆಯ ಹುಟ್ಟುಹಬ್ಬದ ದಿನ, ಆಕೆಯ ಕೈಸೇರಿತು. ಪ್ರಯಾಣಿಕರು ಕೂರುವ ಜಾಗದಲ್ಲಿ ಇಂಧನದ ಟ್ಯಾಂಕುಗಳು ತುಂಬಿದ್ದವು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಲೋಕವನ್ನು ಸುತ್ತಬೇಕೆಂಬುದು ಸಂಕಲ್ಪ. ಮೊದಲ ಯೋಜನೆ ಪಶ್ಚಿಮಾಭಿಮುಖವಾದುದು: ಓಕ್‌ಲ್ಯಾಂಡಿನಿಂದ ಹೊನಲುಲು, ಅಲ್ಲಿಂದ ಹೌಲ್ಯಾಂಡ್, ಅಲ್ಲಿಂದ ನ್ಯೂಗಿನಿಯ ಲೇ, ಆಮೇಲೆ ಆಸ್ಟ್ರೇಲಿಯಾ. ಸಾಗರದ ಕಠಿಣ ಹಾದಿಯಲ್ಲಿ ಇಬ್ಬರು ನಿಪುಣರು ಜೊತೆಗಿರುವುದು, ನೂನನ್ ಹೌಲ್ಯಾಂಡಿನಲ್ಲಿಯೂ ಮ್ಯಾನಿಂಗ್ ಆಸ್ಟ್ರೇಲಿಯಾದಲ್ಲಿಯೂ ಇಳಿದುಕೊಳ್ಳುವುದು, ಮುಂದಿನ ದಾರಿಯನ್ನು ಆಕೆ ಒಬ್ಬಳೇ ಹಾರುವುದು. ಕಷ್ಟದ ಭಾಗ ಮೊದಲು, ಸುಲಭದ್ದು ಆಮೇಲೆ. ಯೋಜನೆಯ ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಾರ್ಚ್ 17ರಂದು ಓಕ್‌ಲ್ಯಾಂಡ್ ಬಿಟ್ಟ ಎಲೆಕ್ಟ್ರಾ ಹದಿನಾರು ತಾಸಿನೊಳಗೆ ಹೊನಲುಲು ಮುಟ್ಟಿತು. ಆಕೆಯ ಸಲಹೆಗಾರ ಪಾಲ್ ಮ್ಯಾಂಟ್ಸ್ ಆ ಹಾದಿಯಲ್ಲಿ ಜೊತೆಗಿದ್ದನು. ಭಾರದ ವಿಮಾನಕ್ಕೆ ವೀಲರ್ ಫೀಲ್ಡಿಗಿಂತ ಲ್ಯೂಕ್ ಫೀಲ್ಡಿನ ಗಟ್ಟಿ ಓಟದಾರಿ ಲೇಸೆಂದು ಅವನೇ ಅದನ್ನು ಅಲ್ಲಿಗೆ ತಂದಿಟ್ಟನು. ಮುಂದಿನ ಹಾರಾಟದಲ್ಲಿ ಅವನಿಲ್ಲ.

ಆಗಿನ ವಿಮಾನಗಳ ನಿಲುವನ್ನು ತಿಳಿಯದೆ ಮಾರ್ಚ್ 20ರ ಘಟನೆ ಅರ್ಥವಾಗುವುದಿಲ್ಲ. ಎಲೆಕ್ಟ್ರಾದ ಎರಡು ದೊಡ್ಡ ಗಾಲಿಗಳು ಮುಂದೆ ರೆಕ್ಕೆಗಳ ಕೆಳಗಿದ್ದವು. ಮೂರನೆಯದು, ಚಿಕ್ಕದು, ಬಾಲದಲ್ಲಿ. ಭಾರದ ಕೇಂದ್ರ ದೊಡ್ಡ ಗಾಲಿಗಳಿಗಿಂತ ಹಿಂದೆ ಬೀಳುತ್ತದೆ. ಇಂಥ ವಿಮಾನ ಓಡುವಾಗ ಸ್ವಲ್ಪ ಓರೆಯಾದರೆ ಹಿಂದಿನ ಭಾರ ಅದನ್ನು ನೇರಗೊಳಿಸುವುದಿಲ್ಲ. ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸರಕು ತುಂಬಿದ ಕೈಗಾಡಿಯನ್ನು ಹಿಂದುಮುಂದಾಗಿ ತಳ್ಳಿದವರಿಗೆ ಇದು ಗೊತ್ತು. ಓರೆ ಮಿತಿ ಮೀರಿದಾಗ ವಿಮಾನ ನೆಲದ ಮೇಲೆಯೇ ಸುತ್ತು ಹೊಡೆಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಕಾಲಿನ ಕಂಬದಲ್ಲಿ ಎಣ್ಣೆಯೂ ಗಾಳಿಯೂ ಸೇರಿ ಮೇಲಿನಿಂದ ಬರುವ ಪೆಟ್ಟನ್ನು ನುಂಗುತ್ತವೆ. ಪಕ್ಕದಿಂದ ಬರುವ ತಿವಿತವನ್ನು ತಡೆಯುವುದಕ್ಕೆ ಆ ಏರ್ಪಾಟಿನಲ್ಲಿ ಹೆಚ್ಚು ಶಕ್ತಿಯಿಲ್ಲ. ಸುತ್ತಿನ ಹೊರಬದಿಯ ಕಾಲಿನ ಮೇಲೆ ಇಡೀ ಭಾರ ಅಡ್ಡಲಾಗಿ ಬಿದ್ದಾಗ ಅದು ಮುರಿಯದಿದ್ದರೆ ಆಶ್ಚರ್ಯ. ಎಡಕ್ಕೆ ಸುತ್ತಿದ ವಿಮಾನದಲ್ಲಿ ಮೊದಲು ಹೋದದ್ದು ಬಲಗಾಲು, ಲೆಕ್ಕ ಸರಿಹೊಂದುತ್ತದೆ.

ಇಷ್ಟರವರೆಗೆ ತಕರಾರಿಲ್ಲ. ಮೊದಲು ಬಲಕ್ಕೆ ಎಳೆದದ್ದೇಕೆ ಎಂಬಲ್ಲಿ ತಕರಾರು. ಟೈರು ಒಡೆಯಿತೆಂದು ನೋಡಿದ ಕೆಲವರು ಹೇಳಿದರು. ಮ್ಯಾಂಟ್ಸ್ ಹೇಳಿದ ಕಾರಣ ಬೇರೆ: ಓಟದಲ್ಲಿ ವಿಮಾನವನ್ನು ನೇರವಾಗಿಡಲು ಬಾಲದ ಚುಕ್ಕಾಣಿಯನ್ನು ನೆಚ್ಚದೆ ಎರಡು ಎಂಜಿನ್ನುಗಳ ಬಲವನ್ನು ಒಂದನ್ನು ಏರಿಸಿ ಒಂದನ್ನು ಇಳಿಸಿ ಆಡಿಸುವ ಅಭ್ಯಾಸ ಆಕೆಗಿತ್ತು, ಬೇಡವೆಂದು ಅವನು ಎಚ್ಚರಿಸಿದ್ದನು. ಏರ್‌ಹಾರ್ಟ್ ತನ್ನ ಬರಹದಲ್ಲಿ ಟೈರಿನ ಮಾತನ್ನು ಪ್ರಸ್ತಾಪಿಸಿ, ನೆಲದ ಮೇಲಿನ ಗುರುತುಗಳನ್ನು ನೋಡಿದ ಮೇಲೆ ಅದೇ ಮೂಲಕಾರಣವೆಂದು ತನಗೆ ತೋರುವುದಿಲ್ಲ ಎನ್ನುತ್ತಾಳೆ. ಬಲಗಾಲಿನ ಕಂಬವೇ ಸೋತಿರಬಹುದೆಂದು ಊಹಿಸುತ್ತಾಳೆ. ಬಲಕ್ಕೆ ಎಳೆದಾಗ ಎಡ ಎಂಜಿನ್ನಿನ ಬಲವನ್ನು ತಗ್ಗಿಸಿದೆನೆಂಬುದನ್ನು ಆಕೆ ಮುಚ್ಚಿಡುವುದಿಲ್ಲ.

ಸಾಕ್ಷ್ಯವಿಮರ್ಶೆ ಕಲಿಯುವ ವಿದ್ಯಾರ್ಥಿಗೆ ಈ ಮೂರು ಹೇಳಿಕೆಗಳು ಒಳ್ಳೆಯ ಪಾಠ. ನೋಡಿದವರು ದೂರದಲ್ಲಿದ್ದರು, ನಸುಬೆಳಕು. ಮುರಿಯುವಾಗ ಆದ ಸದ್ದನ್ನು ಮುರಿಯುವುದಕ್ಕೆ ಕಾರಣವಾದ ಸದ್ದೆಂದು ಅವರು ತಿಳಿದಿರಬಹುದು. ಮ್ಯಾಂಟ್ಸ್ ಬಲ್ಲವನು, ಆದರೆ ಗುರುವಿನ ಸ್ಥಾನದಲ್ಲಿದ್ದವನು. ಅವಘಡವಾದಾಗ ತನ್ನ ಎಚ್ಚರಿಕೆಯನ್ನು ನೆನಪಿಸುವುದು ಗುರುಗಳ ಸ್ವಭಾವ. ಚಾಲಕಿಗೆ ಒಳಗಿನ ಅನುಭವವಿದೆ. ಆದರೆ ತಪ್ಪು ಕೈಯದೋ ಕಬ್ಬಿಣದ್ದೋ ಎಂಬ ಪ್ರಶ್ನೆಯಲ್ಲಿ ಆಕೆಯೇ ಕಕ್ಷಿದಾರಳು. ಮೂರನ್ನೂ ತೂಗಿದರೆ ಮ್ಯಾಂಟ್ಸನ ಮಾತಿನ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ. ಎಳೆತ ಹೇಗೇ ಆರಂಭವಾಗಿರಲಿ, ಅದು ಸುತ್ತಾಗಿ ಬೆಳೆದದ್ದು ತಿದ್ದುಪಡಿ ಅತಿಯಾದುದರಿಂದ ಎಂದು ವಿಮಾನದ ನಡೆಯೇ ಹೇಳುತ್ತದೆ. ಆದರೂ ಎರಡೇ ವರ್ಷಗಳ ಹಿಂದೆ, 1935ರ ಜನವರಿಯಲ್ಲಿ, ಇದೇ ಹವಾಯಿಯ ವೀಲರ್ ಫೀಲ್ಡಿನ ಕೆಸರಿನಿಂದ ಇಂಧನ ತುಂಬಿದ ವೇಗಾವನ್ನು ಒಬ್ಬಳೇ ಎತ್ತಿ ಓಕ್‌ಲ್ಯಾಂಡಿಗೆ ಹಾರಿದವಳು ಆಕೆಯೇ ಎಂಬುದನ್ನು ಮರೆತು ಕೈಚಳಕವಿಲ್ಲದವಳೆಂದು ತೀರ್ಪು ಕೊಡುವುದು ಅನ್ಯಾಯ. ಒಂದು ಎಂಜಿನ್ನಿನ ವಿಮಾನದಲ್ಲಿ ಪಳಗಿದವರಿಗೆ ಎರಡರದ್ದು ಹೊಸ ಪಾಠ. ಅದರ ಮೇಲೆ ಎರಡೂವರೆ ಟನ್ ಪೆಟ್ರೋಲು.

ಕಾಲು ಮುರಿದ ಮೇಲಿನ ನಡೆಯಲ್ಲಾದರೋ ಎರಡು ಮಾತಿಲ್ಲ. ಆಕೆ ಎಂಜಿನ್ನಿನ ಸ್ವಿಚ್ಚುಗಳನ್ನು ಕೂಡಲೇ ಆರಿಸಿದಳು. ಕಿಡಿ ಹಾರುವ ನೆಲ, ಬೆನ್ನ ಹಿಂದೆ ಪೆಟ್ರೋಲಿನ ಟ್ಯಾಂಕುಗಳು, ಉಳಿದಿರುವುದು ಕೆಲವೇ ಕ್ಷಣ. ಓಟವನ್ನು ಉಳಿಸಿಕೊಳ್ಳುವ ಆಸೆಯಿಂದ ಎಂಜಿನ್ನುಗಳಿಗೆ ಬಲ ಕೊಟ್ಟಿದ್ದರೆ ಆ ದಿನವೇ ಮೂವರ ಕಥೆ ಮುಗಿಯುತ್ತಿತ್ತು. ವಿಮಾನ ಹೋಯಿತೆಂದು ಒಪ್ಪಿಕೊಂಡು ಜನರನ್ನು ಉಳಿಸುವ ಕಡೆಗೆ ತಿರುಗುವ ಈ ನಿರ್ಧಾರ ಇಂದಿಗೂ ಚಿಕ್ಕ ವಿಮಾನಗಳ ಚಾಲಕರಿಗೆ ಕಲಿಸುವ ಮೊದಲ ಪಾಠವಾಗಿದೆ.

ಇಂದಿನ ಚಿಕ್ಕ ವಿಮಾನದಲ್ಲಿ ಕಾಲು ಇಳಿಸಿದಾಗ ಮೂರು ಹಸಿರು ದೀಪಗಳು ಹತ್ತಬೇಕು, ಪ್ರತಿ ಕಾಲಿಗೊಂದು. ಒಂದು ಹತ್ತದಿದ್ದರೆ ಕಾಲೇ ಕೆಟ್ಟಿದೆ ಎಂದಲ್ಲ, ಬಲ್ಬು ಸುಟ್ಟಿರಬಹುದು. ಆದುದರಿಂದ ದೀಪವನ್ನು ಮೊದಲು ಪರೀಕ್ಷಿಸುತ್ತಾರೆ. ಬಳಿಕ ಎತ್ತರಕ್ಕೆ ಏರಿ, ವೇಗ ತಗ್ಗಿಸಿ, ಪುಸ್ತಕ ತೆರೆದು ಒಂದೊಂದೇ ಹಂತ. ಮೋಟಾರಿಗೆ ವಿದ್ಯುತ್ತು ತಪ್ಪಿದೆಯೆ? ಕೈಯಿಂದ ತಿರುಗಿಸುವ ಹಿಡಿಯೋ ಒತ್ತುವ ಪಂಪೋ ಇದೆಯೆ? ಕೆಲವು ವಿಮಾನಗಳಲ್ಲಿ ಬೀಗ ಬಿಟ್ಟರೆ ಕಾಲು ತನ್ನ ತೂಕದಿಂದಲೇ ಇಳಿಯುತ್ತದೆ. ನಿಯಂತ್ರಣ ಗೋಪುರದ ಮುಂದೆ ತಗ್ಗಿನಲ್ಲಿ ಹಾದುಹೋಗಿ ಕೆಳಗಿನವರ ಕಣ್ಣಿನಿಂದ ತನ್ನ ಕಾಲನ್ನು ತಾನು ನೋಡಿಸಿಕೊಳ್ಳುವುದೂ ಉಂಟು. ಯಾವುದೂ ಫಲಿಸದಿದ್ದಾಗ ಒಂದೇ ಕಾಲಿನ ಮೇಲೆ ಇಳಿಯುವುದಕ್ಕಿಂತ ಎಲ್ಲವನ್ನೂ ಮಡಿಸಿ ಹೊಟ್ಟೆಯ ಮೇಲೆ ಇಳಿಯುವುದು ಎಷ್ಟೋ ಸಲ ಮೇಲು. ಒಂಟಿಕಾಲಿನ ವಿಮಾನ ಕೊನೆಯಲ್ಲಿ ಯಾವ ಕಡೆಗೆ ತಿರುಗೀತೆಂದು ಹೇಳಲಾಗದು. ಇಷ್ಟಕ್ಕೆಲ್ಲ ಬೇಕಾದದ್ದು ಸಮಯ, ಸಮಯವೆಂದರೆ ಇಂಧನ. ಕೆಟ್ಟ ಕಾಲು ಹಾರುತ್ತಿರುವ ವಿಮಾನಕ್ಕೆ ಅವಸರದ ಸಂಕಟವಲ್ಲ. ಅವಸರ ಚಾಲಕನ ಮನಸ್ಸಿನಲ್ಲಿರುತ್ತದೆ.

2024ರ ಮೇ 13ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ಲಿನಿಂದ ಹೊರಟ ಬೀಚ್‌ಕ್ರಾಫ್ಟ್ ಸೂಪರ್ ಕಿಂಗ್ ಏರ್ ವಿಮಾನವೊಂದರ ಕಾಲುಗಳು ಕೆಟ್ಟಾಗ ಇದು ಚೆನ್ನಾಗಿ ಕಂಡಿತು. ಒಳಗಿದ್ದವರು ಚಾಲಕನೂ ಇಬ್ಬರು ಪ್ರಯಾಣಿಕರೂ. ವಿಮಾನ ಸುಮಾರು ಮೂರು ತಾಸು ಆಕಾಶದಲ್ಲಿ ಸುತ್ತುತ್ತ ಇಂಧನವನ್ನು ಸುಟ್ಟು ಹಗುರಾಯಿತು. ಅಷ್ಟರಲ್ಲಿ ಕೆಳಗೆ ಅಗ್ನಿಶಾಮಕರು ಸೇರಿದರು. ಆಮೇಲೆ ಅದು ಓಟದಾರಿಯ ಮೇಲೆ ಹೊಟ್ಟೆಯೂರಿ ನೇರವಾಗಿ ಜಾರಿ ನಿಂತಿತು. ಮೂವರೂ ನಡೆದುಕೊಂಡು ಹೊರಬಂದರು. ಲ್ಯೂಕ್ ಫೀಲ್ಡಿನಲ್ಲಿ ಏರ್‌ಹಾರ್ಟಳಿಗೆ ಈ ಮೂರು ತಾಸುಗಳಿರಲಿಲ್ಲ. ಟ್ಯಾಂಕುಗಳು ಭರ್ತಿಯಾಗಿರುವಾಗ, ನೆಲದ ಮೇಲೆ, ಓಟದ ನಡುವೆ ಅವಳ ಕಾಲು ಮುರಿಯಿತು.

ಮುರಿದ ಎಲೆಕ್ಟ್ರಾ ಹಡಗೇರಿ ಕ್ಯಾಲಿಫೋರ್ನಿಯಾಕ್ಕೆ ಮರಳಿ, ಬರ್ಬ್ಯಾಂಕಿನ ಲಾಕ್‌ಹೀಡ್ ಕಾರ್ಖಾನೆಯಲ್ಲಿ ದುರಸ್ತಿಯಾಗುವ ಹೊತ್ತಿಗೆ ಮೇ ತಿಂಗಳು ನಡೆಯುತ್ತಿತ್ತು. ಋತು ಬದಲಾಗಿತ್ತು. ಮೊದಲಿನಂತೆ ಪಶ್ಚಿಮಕ್ಕೆ ಹೊರಟರೆ ಆಫ್ರಿಕಾ, ಕ್ಯಾರಿಬಿಯನ್ ಭಾಗಗಳನ್ನು ಮುಟ್ಟುವಾಗ ಅಲ್ಲಿನ ಹವೆ ಕೆಡುವ ಕಾಲ. ಆದುದರಿಂದ ಆಕೆ ದಿಕ್ಕನ್ನೇ ತಿರುಗಿಸಿದಳು, ಪೂರ್ವಾಭಿಮುಖ. ಅಲ್ಲಿಗೆ ಯೋಜನೆಯ ಕ್ರಮ ತಲೆಕೆಳಗಾಯಿತು. ಸಾಗರದ ನಡುವೆ ಎರಡೂವರೆ ಕಿಲೋಮೀಟರ್ ಉದ್ದದ ಹೌಲ್ಯಾಂಡನ್ನು ಹುಡುಕುವ ಕೆಲಸ ಪ್ರಯಾಣದ ಆರಂಭದಿಂದ ಅಂತ್ಯಕ್ಕೆ ಸರಿಯಿತು. ರಜೆಯ ಅವಧಿ ತೀರಿತೆಂದು ಮ್ಯಾನಿಂಗ್ ಹಡಗಿಗೆ ಮರಳಿದನು. ಅವನೊಡನೆ ಮೋರ್ಸ್ ಸಂಕೇತದ ಪಳಗಿದ ಕೈಯೂ ಹೋಯಿತು. ಉಳಿದ ಇಬ್ಬರಿಗೂ ಅದರಲ್ಲಿ ಪರಿಣತಿ ಇರಲಿಲ್ಲ. ಹಾರುವಾಗ ಹಿಂದೆ ಬಿಡುವ ಉದ್ದನೆಯ ತಂತಿಯ ಆಂಟೆನಾವನ್ನೂ ಎರಡನೆಯ ಯಾತ್ರೆಯಲ್ಲಿ ಒಯ್ಯಲಿಲ್ಲ.

ಜೂನ್ 1ರಂದು ಮಯಾಮಿಯಿಂದ ಹೊರಟ ಆಕೆಯೂ ನೂನನ್ನನೂ ದಕ್ಷಿಣ ಅಮೆರಿಕೆಯ ಅಂಚು ಹಿಡಿದು ಅಟ್ಲಾಂಟಿಕ್ ದಾಟಿ ಆಫ್ರಿಕಾವನ್ನು ಅಡ್ಡ ಹಾಯ್ದರು. ಫೋರ್ಟ್ ಲಾಮಿಯಲ್ಲಿ ಕಾಲಿನ ಕಂಬವೊಂದು ಸೋರಿ ಹೊರಡುವುದು ಕೆಲವು ತಾಸು ತಡವಾಯಿತು, ಅಷ್ಟೇ. ಅಸಾಬಿನಿಂದ ಎಲ್ಲಿಯೂ ಇಳಿಯದೆ ಕರಾಚಿ. ಜೂನ್ 17ರಂದು ಕಲ್ಕತ್ತೆಯ ಡಂಡಂ. ಮಳೆಗಾಲ ಅಲ್ಲಿ ಆಕೆಗಾಗಿ ಕಾದಿತ್ತು. ರಾತ್ರಿಯ ಮಳೆಗೆ ನೆನೆದ ನೆಲದಲ್ಲಿ ಗಾಲಿಗಳು ಅಂಟುತ್ತ, ವಿಮಾನ ಕಷ್ಟದಿಂದ ಮೇಲೆದ್ದು, ಬಯಲಿನ ಅಂಚಿನ ಮರಗಳನ್ನು ಹೇಗೋ ದಾಟಿತು. ಲ್ಯೂಕ್ ಫೀಲ್ಡಿನ ನೆನಪು ಆಗ ಬಂದಿರದೆ ಇರದು. ಆ ಕೈಗಳು ಈಗ ಬೇರೆ ಕೈಗಳಾಗಿದ್ದವು.

ಈ ವಿವರಗಳೆಲ್ಲ ಉಳಿದಿರುವುದು ಆಕೆ ದಾರಿಯುದ್ದಕ್ಕೂ ಬರೆದು ಕಳುಹಿಸುತ್ತಿದ್ದ ಬರಹಗಳಿಂದ. ಅವುಗಳಿಗೆ ‘ವರ್ಲ್ಡ್ ಫ್ಲೈಟ್’ ಎಂಬ ಹೆಸರು ಗೊತ್ತಾಗಿತ್ತು. ಆಕೆಯ ಪತಿ ಜಾರ್ಜ್ ಪುಟ್ನಮ್ ಅವನ್ನು ಜೋಡಿಸಿ ಅದೇ ವರ್ಷ ಪ್ರಕಟಿಸಿದಾಗ ಪುಸ್ತಕದ ಹೆಸರು ‘ಲಾಸ್ಟ್ ಫ್ಲೈಟ್’ ಆಯಿತು. ಒಂದು ಪದ ಬದಲಾದದ್ದರಿಂದ ಒಳಗಿನ ಪ್ರತಿ ವಾಕ್ಯದ ಬೆಳಕು ಬದಲಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಹೊನಲುಲುವಿನ ಅವಘಡದ ಪುಟಗಳನ್ನು ಬರೆದವಳಿಗೆ ಅದೊಂದು ವಿಳಂಬ, ಖರ್ಚಿನ ಬಾಬ್ತು, ಮತ್ತೆ ಮಾಡಬೇಕಾದ ಕೆಲಸ. ಓದುವವರಿಗಾದರೋ ಅದು ಶಕುನ. ಈ ಎರಡನೆಯ ಓದು ಪಠ್ಯದಲ್ಲಿಲ್ಲ. ಮುಖಪುಟದಿಂದ ಒಳಗೆ ಸುರಿದದ್ದು. ಕಾಲು ಮುರಿಯದಿದ್ದರೆ ಆಕೆ ಬದುಕುತ್ತಿದ್ದಳು ಎಂದು ಹೇಳುವವರಿದ್ದಾರೆ. ಹಾಗೆ ಹೇಳಲು ಬರುವುದಿಲ್ಲ. ಮಾರ್ಚಿನಲ್ಲಿಯೂ ಹೌಲ್ಯಾಂಡ್ ಅಷ್ಟೇ ಚಿಕ್ಕದಾಗಿತ್ತು. ಹೇಳಬಹುದಾದುದಿಷ್ಟು: ಮಾರ್ಚಿನಲ್ಲಿ ಅದನ್ನು ಹುಡುಕಲು ಮೂವರಿದ್ದರು, ದೂರ ಕಡಿಮೆ ಇತ್ತು, ದಣಿವು ಇರಲಿಲ್ಲ, ಜುಲೈನಲ್ಲಿ ಇಬ್ಬರಿದ್ದರು, 2,556 ಮೈಲಿ ಇತ್ತು, ಹಿಂದೆ ಒಂದು ತಿಂಗಳ ಹಾರಾಟವಿತ್ತು.

ಜುಲೈ 2ರ ಬೆಳಿಗ್ಗೆ ಲೇಯಲ್ಲಿ ಎಲೆಕ್ಟ್ರಾ ಹೊತ್ತ ಪೆಟ್ರೋಲು ಸುಮಾರು 1,100 ಗ್ಯಾಲನ್. ಲ್ಯೂಕ್ ಫೀಲ್ಡಿಗಿಂತ 200 ಗ್ಯಾಲನ್ ಹೆಚ್ಚು. ಓಟದಾರಿ ಹುಲ್ಲಿನದು, ಮೂರು ಸಾವಿರ ಅಡಿ, ಅದರ ತುದಿಗೆ ಸಮುದ್ರ. ಆ ಓಟದ ಚಲಚ್ಚಿತ್ರದ ತುಣುಕೊಂದು ಉಳಿದಿದೆ; ಅದಕ್ಕೆ ಧ್ವನಿಯಿಲ್ಲ. ವಿಮಾನ ನೇರವಾಗಿ ಓಡುತ್ತದೆ, ಎತ್ತಲೂ ಎಳೆಯುವುದಿಲ್ಲ. ತುದಿ ದಾಟಿದ ಮೇಲೆ ಅದು ದಂಡೆಗಿಂತ ಕೆಳಗಿಳಿದು ನೀರಿಗೆ ತೀರ ಹತ್ತಿರವಾಗಿ, ಪಂಖಗಳ ಗಾಳಿಗೆ ತುಂತುರು ಎದ್ದಿತೆಂದು ದಡದಲ್ಲಿ ನಿಂತವರು ಹೇಳಿದರು. ಆಮೇಲೆ ನಿಧಾನವಾಗಿ ಮೇಲೇರಿತು.